ಬೋರಮಾಳಕ್ಕೆ ಹೊಳಪು

ರೇಣವ್ವ ಬಿ.ಟಿ.ಎಂ. ಲೇಔಟಿಗೆ ಬಂದು ಎರಡು ವರ್ಷವಾಗಿತ್ತು. ಅಷ್ಟು ದಿನದಲ್ಲಿ ಅವಳನ್ನು ಯಾರೂ ‘ಯಕ್ಕಾ’ ಎಂದು ಕರೆದಿರಲಿಲ್ಲ. ತರಕಾರಿ ಗಾಡಿಯವನಿಗೆ ಅವಳು ಆಂಟಿ, ಗಂಡ ನಿಂಗರಾಜನ ಆಫೀಸಿನವರಿಗೆ ಮೇಡಂ. ಕೆಳಮನೆಯಲ್ಲಿದ್ದ ಓನರ್ ಕೆಂಪಕ್ಕನಿಗಂತೂ ಅವಳ ಗದಗದ ಮಾತೇ ಒಂದು ತಮಾಷೆ.

“ಏನಮ್ಮ, ಬೆಳಿಗ್ಗೆ ಬೆಳಿಗ್ಗೆ ಗಂಡನ ಜೊತೆ ಜಗಳಾನಾ?”

“ಜಗಳಲ್ರೀ, ನಾಷ್ಟಾಕ್ಕ ಏನ್ ಮಾಡ್ಲಿ ಅಂತ ಕೇಳಾಕತ್ತಿದ್ದೆ.”

“ಅದನ್ನ ಕೇಳೋಕೆ ಇಷ್ಟು ಜೋರಾ! ನಾನು ಪೊಲೀಸ್ನೋರಿಗೆ ಫೋನ್ ಮಾಡೋಣ ಅಂತಿದ್ದೆ.”

ರೇಣವ್ವನೂ ನಗುತ್ತಿದ್ದಳು. ಆದರೆ ಅಂಗಡಿಗೆ ಹೋದಾಗ ಶೇಂಗಾ ಎನ್ನಲು ಹೋಗಿ, ತಡೆದು, ಕಡ್ಲೇಕಾಯಿ ಬೀಜ ಎನ್ನುತ್ತಿದ್ದಳು.

ದೀಪಾವಳಿಗೆ ಊರಿಗೆ ಹೋಗಿದ್ದಾಗ ತಾಯಿ ಶಿವಬಸಮ್ಮ ತನ್ನ ಬೋರಮಾಳವನ್ನು ಹಳೆಯ ಕುಪ್ಪಸದ ಬಟ್ಟೆಯಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟಿದ್ದಳು. ಬೋರೆ ಹಣ್ಣಿನಂಥ ಬಂಗಾರದ ಗುಂಡುಗಳ ಸರ ಅದು. ಗುಂಡಿನ ಒಳಗೆ ಅರಗು ತುಂಬಿರುತ್ತದೆ. ತಂಗಿ ಉಮಾಶ್ರೀಗೆ ಮದುವೆ ಗೊತ್ತಾಗಿತ್ತು. ಅವಳ ಕೊರಳಿಗೆ ಹಾಕಲು ಮನೆಯಲ್ಲಿದ್ದದ್ದು ಇದೊಂದೇ, ಬೀಗರ ಮುಂದೆ ಹೆಸರು ಹಿಡಿದು ಹೇಳಿಯೂ ಆಗಿತ್ತು. “ಹೊಗಿ ಕುಂತು ಕಪ್ಪಾಗೇತಿ. ಬೆಂಗಳೂರಾಗ ಪಾಲಿಶ್ ಮಾಡ್ಸಿಡು. ನಿನ್ನ ತಮ್ಮನ್ನ ಕಳಸ್ತೀನಿ, ಅವನ ಕೈಯಾಗ ಕೊಡು” ಎಂದಿದ್ದಳು ತಾಯಿ.

ಅದಕ್ಕೆ ಜಯನಗರದ ಬಂಗಾರದಂಗಡಿಗೆ ಹೋಗಬೇಕಿತ್ತು. ಮಗಳು ಭಾಗ್ಯಜ್ಯೋತಿಗೆ ಜ್ವರ, ನಿಂಗರಾಜನಿಗೆ ರಜೆಯಿಲ್ಲ. ಇವತ್ತು ನಾಳೆ ಎಂದು ದಿನ ಸರಿಯುತ್ತಿತ್ತು.

ಅಂಥ ಒಂದು ಬೆಳಿಗ್ಗೆ ಮಗುವಿಗೆ ಗಂಜಿ ಕುಡಿಸುತ್ತಿದ್ದಾಗ ಬಾಗಿಲ ಹೊರಗಿನಿಂದ ಕೂಗು ಬಂತು.

“ಯಕ್ಕಾ, ಹಿತ್ತಾಳಿ, ಬೆಳ್ಳಿ ತಿಕ್ಕಿ ಕೊಡ್ತೀನ್ರೀ.”

ರೇಣವ್ವ ಬಟ್ಟಲನ್ನು ನೆಲಕ್ಕಿಟ್ಟು ಓಡಿಬಂದಳು.

“ಯಾವೂರಪಾ ನೀ? ಗದಗ ಕಡಿಯಾಂವೇನು?”

“ಹೌದ್ರೀ ಯಕ್ಕಾ, ಗದಗ ಕಡಿಯಾಂವನ.”

“ನಮ್ದು ರೋಣ ತಾಲೂಕ!”

“ರೋಣದ ಸಂತಿಗೆ ಎಷ್ಟ ಸಲಾ ಬಂದೀನ್ರೀ ನಾ!”

ಅವಳು ಅವನಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಅವನು ಮೆಟ್ಟಿಲ ಮೇಲೆ ಕುಳಿತು ತಿಂದ. ಒಂದು ಕೆಂಪು ಪುಡಿಯಿಂದ ದೇವರ ದೀಪವನ್ನು ತಿಕ್ಕಿದ, ಮಗುವಿನ ಕಾಲ್ಗೆಜ್ಜೆ ತಿಕ್ಕಿದ. ಎರಡೂ ಈಗ ತಂದಂತೆ ಹೊಳೆದವು. ರೇಣವ್ವ ಒಳಗೆ ಹೋಗಿ ಕುಪ್ಪಸದ ಗಂಟನ್ನು ಬಿಚ್ಚಿದಳು.

ಅವಳದೇ ಸ್ಟೀಲ್ ಡಬ್ಬಿಗೆ, ಅವಳ ಕಣ್ಣೆದುರೇ ಅವನು ಬೋರಮಾಳ ಇಳಿಸಿದ. ಅರಿಶಿನದ ನೀರು ಸುರಿದು ಮುಚ್ಚಳ ಒತ್ತಿದ.

“ಸಣ್ಣ ಉರಿಮ್ಯಾಲೆ ಬಿಸಿ ಮಾಡ್ರಿ. ಆರೂತನಕಾ ತಗೀಬ್ಯಾಡ್ರಿ, ಗಾಳಿ ತಾಗಿದ್ರ ಬಣ್ಣ ಹೋಕ್ಕೈತಿ.”

“ಬಿಸಿ ಮಾಡಿದ್ರ ಒಳಗಿನ ಅರಗು ಕರಗಂಗಿಲ್ಲೇನಪಾ?”

ಅವನು ತಲೆಯೆತ್ತಿ ನೋಡಿದ. “ನಮ್ಮವ್ವನ ಕೊಳ್ಳಾಗೂ ಬೋರಮಾಳ ಐತ್ರೀ ಯಕ್ಕಾ. ನನಗ ಗೊತ್ತಿಲ್ಲೇನು? ಒಂದ್ ತಂಬಿಗಿ ನೀರ ಕೊಡ್ರಿ.”

ಅವಳು ನೀರು ತಂದಳು. ಅವನು ಕುಡಿದು, ಡಬ್ಬಿಯನ್ನು ಅವಳ ಕೈಗಿಟ್ಟು, ಮುಂದಿನ ಮನೆಗೆಂದು ಇಳಿದು ಹೋದ.

ಡಬ್ಬಿ ಬಿಸಿಯಾಯಿತು, ಕಟ್ಟೆಯ ಮೇಲೆ ಆರುತ್ತ ಕುಳಿತಿತು. ರೇಣವ್ವ ಮಗುವನ್ನು ಮಲಗಿಸಿದಳು, ಪಾತ್ರೆ ತೊಳೆದಳು. ಎರಡು ಸಲ ಮುಚ್ಚಳಕ್ಕೆ ಕೈ ಹಾಕಿ, ಬಣ್ಣ ಹೋದೀತೆಂದು ಹಿಂದೆಗೆದಳು. ಕೊನೆಗೆ ತೆರೆದಾಗ ಅರಿಶಿನದ ರಾಡಿಯ ತಳದಲ್ಲಿ ಜಲ್ಲಿಕಲ್ಲುಗಳಿದ್ದವು. ಅವಳು ಅವನ್ನು ಒಂದೊಂದಾಗಿ ತೆಗೆದಿಟ್ಟು ಮತ್ತೆ ಬೆರಳಾಡಿಸಿ ಹುಡುಕಿದಳು.

ಕೆಂಪಕ್ಕ ಅವಳೊಡನೆ ಮಡಿವಾಳದ ಮಾರ್ಕೆಟ್ಟಿನವರೆಗೂ ಹುಡುಕಿಕೊಂಡು ಓಡಿದಳು. ಠಾಣೆಯಲ್ಲಿ ಬರೆದುಕೊಂಡು ಕಳುಹಿಸಿದರು. ಹಿಂತಿರುಗುವಾಗ ಕೆಂಪಕ್ಕ ಕೇಳಿದಳು:

“ಗದಗ ಅಂತ ಅವ್ನೇ ಹೇಳಿದ್ನಾ, ನೀನೇ ಹೇಳಿದ್ಯಾ?”

ರೇಣವ್ವ ನಡೆಯುತ್ತಿದ್ದವಳು ನಿಂತಳು.

“ನಾನಽ ಹೇಳಿದ್ನಿರೀ.”

“ರೋಣ?”

“ಅದನ್ನೂ ನಾನಽ.”

ಕೆಂಪಕ್ಕ ಬಯ್ಯಲಿಲ್ಲ. ಅವಳ ಹಳದಿ ಕೈಯನ್ನು ಹಿಡಿದುಕೊಂಡು ರಸ್ತೆ ದಾಟಿಸಿದಳು. “ಇನ್ಮೇಲೆ ಯಾರೇ ಬರ್ಲಿ, ಬಾಗಿಲು ಹಾಕಿರೋ ಹಂಗೇ ಯಾವೂರು ಅಂತ ಕೇಳು. ನೀನು ಹೇಳ್ಬೇಡ, ಅವ್ರ ಬಾಯಿಂದ ಬರ್ಲಿ. ಒಡವೆ ಕೇಳ್ದೋರ್ಗೆ ಬಾಗಿಲೇ ತೆಗೀಬೇಡ, ತಿಳೀತಾ?”

ನಿಂಗರಾಜ ಆಫೀಸಿನಲ್ಲಿ ಸಾಲ ಕೇಳಿದ, ಸಿಗಲಿಲ್ಲ. ಊರಿಗೆ ಹೇಳುವುದನ್ನು ಇಬ್ಬರೂ ಮುಂದೂಡಿದರು. ಎಸ್‌.ಟಿ.ಡಿ. ಬೂತಿನಿಂದ ಮಾತಾಡಿದಾಗಲೆಲ್ಲ ರೇಣವ್ವ ಮಗುವಿನ ಜ್ವರದ ಸುದ್ದಿಯನ್ನಷ್ಟೇ ಹೇಳಿ ಇಟ್ಟುಬಿಡುತ್ತಿದ್ದಳು. ಬೆಳಗಿನ ಹೊತ್ತು ಮಹಡಿಯಿಂದ ಈಗ ಯಾವ ದನಿಯೂ ಕೇಳಿಸುತ್ತಿರಲಿಲ್ಲ. ಕೆಂಪಕ್ಕ ಅಂಗಳ ತೊಳೆಯುತ್ತ ಒಮ್ಮೊಮ್ಮೆ ತಲೆಯೆತ್ತಿ ನೋಡಿ, ಮತ್ತೆ ಕಸಬರಿಕೆಯತ್ತ ಬಗ್ಗುತ್ತಿದ್ದಳು.

ಒಂದು ಭಾನುವಾರ ನಿಂಗರಾಜ ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ದಿದ್ದ. ಬಾಗಿಲು ಬಡಿದ ಸದ್ದಾಯಿತು.

“ಯಕ್ಕಾ.”

ತಮ್ಮನ ದನಿ. ರೇಣವ್ವನಿಗೆ ಗುರುತು ಸಿಕ್ಕಿತು. ಆದರೂ ಕೈ ಚಿಲಕದತ್ತ ಹೋಗಲಿಲ್ಲ.

“ಯಾರು?”

“ನಾ ಚನ್ನವೀರ. ಬಾಗ್ಲಾ ತಗೀ.”

“ಯಾವೂರು?”

ಹೊರಗೆ ನಗು. “ಬೆಂಗಳೂರಿಗೆ ಬಂದು ತಲಿ ಕೆಟ್ಟೈತೇನ ನಿನಗ? ರೋಣ ತಾಲೂಕ, ಗದಗ ಜಿಲ್ಲಾ. ಸಾಕೇನು?”

“ಅಪ್ಪನ ಹೆಸರು?”

“ಭೀಮಪ್ಪ. ಅವ್ವ ಶಿವಬಸಮ್ಮ. ಏ ಯಕ್ಕಾ, ರಾತ್ರಿ ಪೂರಾ ಬಸ್ಸಿನಾಗ ನಿಂತ್ಕೊಂಡ ಬಂದೀನಿ, ಹುಡುಗಾಟ ಸಾಕು. ಅವ್ವ ನಿನಗ ರೊಟ್ಟಿ ಬಡಿದು ಕಳಸ್ಯಾಳ.” ಅವನು ಗಂಟನ್ನು ನೆಲಕ್ಕಿಳಿಸಿದ ಸದ್ದು ಕೇಳಿಸಿತು. “ಉಮಾ ದಿನಾ ಕೇಳ್ತಾಳ, ಬೋರಮಾಳ ಹೆಂಗ ಹೊಳೀತೈತಿ ನೋಡ್ಕೊಂಡ್ ಬಾ ಅಂತ.”

ರೇಣವ್ವ ಬಾಗಿಲಿಗೆ ಹಣೆಯಿಟ್ಟು ನಿಂತಳು. ಇನ್ನೊಂದು ಪ್ರಶ್ನೆ ಹುಡುಕಿದಳು. ಕೇಳಲು ಯಾವುದೂ ಉಳಿದಿರಲಿಲ್ಲ. ಚಿಲಕ ತೆಗೆದಳು.