ಸೋಮವಾರದ ಸೂಟಿ

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು. ಕಿಣ್ಣಿ ಸುಲ್ತಾನ ಎಂಬ ಊರಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಹೊಲ ಹದಕ್ಕೆ ಬಂದು ಕೂತಿರಲಿ, ಬಿತ್ತನೆಗೆ ತಡವಾಗುತ್ತಿರಲಿ, ಅದು ಬಸವಣ್ಣನ ದಿನ, ಎತ್ತು ದುಡಿಯುವುದಿಲ್ಲ. ಗೌರಾಬಾಯಿ ಸೋಲಾರಿಗೂ ಅದೇ ಕಾನೂನು ಮಾಡಿದ್ದಳು. ವಾರವಿಡೀ ಗಿರಣಿ ತಿರುಗಿಸುವ ಪ್ಲೇಟುಗಳ ಮೇಲೆ ಭಾನುವಾರ ಸಂಜೆ ತಾಡಪತ್ರಿ ಎಳೆದು ಹಗ್ಗ ಬಿಗಿದಳೆಂದರೆ, ಬಿಚ್ಚುವುದು ಮಂಗಳವಾರ ಬೆಳಿಗ್ಗೆಯೇ.

ಆ ಪ್ಲೇಟುಗಳ ಹಿಂದೆ ಎರಡು ಕಂಪನಿಗಳಿದ್ದವು. ಒಂದು ಪುಣೆಯ ದೊಡ್ಡದು, ರೊಕ್ಕ ಅದರದು. ಇನ್ನೊಂದು ಜೇವರ್ಗಿಯ ಹುಡುಗಿ ಸಪ್ನಾ ತನ್ನ ಗೆಳೆಯರ ಜೊತೆ ಕಟ್ಟಿಕೊಂಡ ಸ್ಟಾರ್ಟಪ್. ಕರೆಂಟಿಗೆ ಒದ್ದಾಡುವ ಊರು ಹುಡುಕುವುದು, ಪ್ಲೇಟು ಕೂಡಿಸುವುದು, ದಿನಾ ಎಷ್ಟು ಕರೆಂಟು ಹುಟ್ಟಿತೆಂದು ಪುಣೆಯವರ ಮೊಬೈಲಿನಲ್ಲಿ ತೋರಿಸುವುದು ಇವರ ಕೆಲಸ. ಖಡಕ್ ರೊಟ್ಟಿ ಬಡಿದು ಮಾರುವ ಗೌರಾಬಾಯಿಯ ಸಂಘಕ್ಕೆ ಗಿರಣಿ ಬಂದದ್ದು ಹೀಗೆ. ಹೆಂಗಸರು ಹಿಟ್ಟಿಗಾಗಿ ಹಗಲೆಲ್ಲ ಕರೆಂಟಿನ ದಾರಿ ಕಾಯುವುದು ತಪ್ಪಿತು. ಇಲ್ಲಿ ಚೆನ್ನಾಗಿ ನಡೆದರೆ ಮುಂದಿನದು ಚೌಡಾಪುರಕ್ಕೆ ಎಂದು ಸಪ್ನಾ ಹೇಳಿದ್ದಳು. ಚೌಡಾಪುರಕ್ಕೆ ಕೊಟ್ಟ ತಂಗಿ ರೇವಮ್ಮನೂ ರೊಟ್ಟಿ ಸಂಘ ನಡೆಸುತ್ತಿದ್ದಳು. "ನಿನಗ ಗಿರಣಿ ಕೊಡಿಸದಿದ್ರ ನಾ ನಿನ್ನ ಅಕ್ಕನೇ ಅಲ್ಲ" ಎಂದು ಗೌರಾಬಾಯಿ ಮಾತು ಕೊಟ್ಟುಬಿಟ್ಟಿದ್ದಳು.

ಪುಣೆಯ ಸಾಹೇಬ ನೋಡಲು ಬಂದದ್ದು ಒಂದು ಸೋಮವಾರ. ಅವನ ಕಾರು ಆಳಂದ ದಾಟುವ ಹೊತ್ತಿಗೆ ಸಪ್ನಾ ಸ್ಕೂಟಿಯಲ್ಲಿ ಮುಂಚಿತವಾಗಿ ಬಂದು ಇಳಿದಳು. ಗಿರಣಿಯ ತಗಡಿನ ಚಾವಣಿಯ ಕಡೆ ನೋಡಿದವಳೇ ನಿಂತುಬಿಟ್ಟಳು.

"ಗೌರಕ್ಕಾ, ಇದೇನ್ರಿ? ಪ್ಲೇಟಿಗಿ ಹೊದಿಸಿ ಮಲಗಿಸೀರಿ!"

"ಸೋಮವಾರ."

"ಸೋಮವಾರ ಇದ್ರ?"

"ಸೂಟಿ. ದುಡಿಯೋದಕ್ಕ ಸೂಟಿ ಬ್ಯಾಡೇನು? ನಿಮಗ ಐತವಾರ ಇಲ್ಲೇನು?"

ಸಪ್ನಾ ಜೋಳದ ಚೀಲದ ಮೇಲೆ ಕುಸಿದು ಕೂತಳು. "ಸೋಮವಾರಕ್ಕೊಮ್ಮೆ ಯಾಕ ಬಂದ್ ಬೀಳ್ತದ ಅಂತ ತಲಿ ಕೆಡಿಸ್ಕೊಂಡು ವಾಯರ್ ಎಲ್ಲಾ ಬದಲಿ ಮಾಡಿಸೀನ್ರಿ! ಫೋನ್ ಮಾಡಿದ್ರ ಬರೋಬರಿ ನಡದದ ಅಂದ್ರಿ."

"ಬರೋಬರಿನೇ ನಡದದ. ನೀ ಸೋಮವಾರದ ಮಾತು ಕೇಳಿದ್ದೇ ಇಲ್ಲ."

"ಇಲ್ಲಿ ಯಾರೂ ಬಳಸಾಕತ್ತಿಲ್ಲ ಅಂತ ಪುಣೆದವರು ತಿಳ್ಕೊಂಡಾರ. ಇವತ್ತು ಗಿರಣಿ ತಿರುಗೋದು ಕಾಣಲಿಲ್ಲಂದ್ರ ಚೌಡಾಪುರದ್ದು ಮುಗೀತು."

ಬೆಳಗಿನ ಬಸ್ಸಿಗೆ ಬಂದಿದ್ದ ರೇವಮ್ಮ ಬಾಗಿಲಲ್ಲೇ ನಿಂತಿದ್ದಳು. "ನಿನ್ನ ಪ್ಲೇಟಿನ ಸೂಟಿಗಿ ನನ್ನ ಗಿರಣಿ ಹೋತೇನು ಯಕ್ಕಾ? ನಮ್ಮ ಹೆಂಗಸರಿಗಿ ಏನಂತ ಮಾರಿ ತೋರಿಸ್ಲಿ?"

"ಬಾಯಿ ಮುಚ್ಚು ಬೇ. ನಿಮ್ಮ ಮನ್ಯಾಗ ಸೋಮವಾರ ಎತ್ತು ಹೂಡ್ತೀರೇನು?"

ಉತ್ತರ ಬಂದದ್ದು ಪಕ್ಕದ ದನದ ಕೊಟ್ಟಿಗೆಯಿಂದ. ಗೌರಾಬಾಯಿಯ ಗಂಡ ಶಾಂತಲಿಂಗಪ್ಪ ಎತ್ತುಗಳ ಮೈ ತೊಳೆದು ಜೋಳದ ಕಣಿಕಿಯ ಮೇವು ಹಾಕುತ್ತಿದ್ದ.

"ಏ ಗೌರಾ, ನಾನೂ ಎತ್ತಿಗಿ ಸೂಟಿ ಕೊಟ್ಟೀನಿ. ಆದ್ರ ಬಾಯಿ ಕಟ್ಟಿ ಉಪಾಸ ಕೆಡವಿಲ್ಲ ನೋಡು. ನಿನ್ನ ಪ್ಲೇಟು ತಿನ್ನೋದೇ ಬಿಸಿಲು. ನೀ ಮೇವೇ ಬಂದ್ ಮಾಡೀದಿ."

"ನಿನಗ ಯಾರು ಕೇಳಿದ್ರು?" ಎಂದು ಗದರಿದಳು. ಆದರೆ ಸಿಟ್ಟು ಗಂಡನ ಮೇಲಿನದಲ್ಲ ಎಂಬುದು ಅವಳಿಗೇ ಗೊತ್ತಿತ್ತು. ಎತ್ತುಗಳು ಅರೆಗಣ್ಣು ಮಾಡಿಕೊಂಡು ಕಣಿಕಿ ಮೆಲ್ಲುತ್ತಿದ್ದವು. ಒದ್ದೆ ಬೆನ್ನಿನ ಮೇಲೆ ಬಿಸಿಲು ಬಿದ್ದು ಹೊಳೆಯುತ್ತಿತ್ತು. ಎತ್ತು ಎಂದು ತಿಳಿದ ಮೇಲೆ ಪೂರ್ತಿ ಎತ್ತು ಎಂದೇ ತಿಳಿಯಬೇಕಿತ್ತು. ತಾನು ಅರ್ಧಕ್ಕೆ ನಿಂತಿದ್ದಳು. ಸೀರೆ ಕಚ್ಚೆ ಬಿಗಿದು ಏಣಿ ಹತ್ತಿ, ತಾಡಪತ್ರಿಯ ಗಂಟುಗಳನ್ನು ಹಲ್ಲಿನಿಂದ ಬಿಚ್ಚಿ ಕೆಳಗೆ ಎಸೆದಳು.

ಸಾಹೇಬ ಬಂದ. ಗಿರಣಿ ಚಾಲೂ ಮಾಡಿ, ಫೋಟೋ ತೆಗೆಯಬೇಕು ಎಂದು ಹಿಂದಿಯಲ್ಲಿ ಹೇಳಿದ.

"ಪ್ಲೇಟು ಬಿಸಿಲು ತಿನ್ಲಿ. ನೊಗ ಇಡಂಗಿಲ್ಲ" ಎಂದಳು ಗೌರಾಬಾಯಿ.

ಸಪ್ನಾ ಅಳುವುದೊಂದೇ ಬಾಕಿ. "ಅಕ್ಕಾ, ಕರೆಂಟು ಯಾರಾದ್ರೂ ತಗೊಂಡ್ರನೇ ಪ್ಲೇಟು ಕೊಡ್ತದ. ತಗೊಳ್ಳವ್ರಿಲ್ಲಂದ್ರ ಮೊಬೈಲ್‌ನ್ಯಾಗ ಸೊನ್ನೆನೇ."

ಗಿರಣಿಯ ಹಿಂದಿನ ಗೋಡೆಗೆ ಹತ್ತಿಕೊಂಡೇ ಶಾಲೆ. ಕರೆಂಟು ಹೋಗಿತ್ತು. ಮಕ್ಕಳು ಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತ ಗಲಾಟೆ ಎಬ್ಬಿಸಿದ್ದರು.

"ಹಂಗಾರ ಸಾಲಿಗಿ ವಾಯರ್ ಎಳೀರಿ. ಮಕ್ಕಳಿಗಿ ಗಾಳಿ ಹಾಕೋದು ನೊಗ ಅಲ್ಲ. ಸಾಲಿಗೇನು ಸೋಮವಾರ ಸೂಟಿ ಇಲ್ಲ."

ಸಾಹೇಬ ಅಡ್ಡಡ್ಡ ತಲೆಯಾಡಿಸಿದ. ಈ ಕರೆಂಟು ಸಂಘಕ್ಕೆ ಮಾತ್ರ ಎಂದು ಕರಾರಿನಲ್ಲಿ ಬರೆದಿದೆ, ಬೇರೆಯವರಿಗೆ ಕೊಡುವಂತಿಲ್ಲ ಎಂದ. ಗೌರಾಬಾಯಿಗೆ ಹಿಂದಿ ಬರುತ್ತಿತ್ತು. ಸಿಟ್ಟು ಬಂದಾಗ ಮಾತ್ರ ಬರುತ್ತಿರಲಿಲ್ಲ.

"ಪ್ಲೇಟು ನಿಮ್ಮದು, ಹೌದು. ಬಿಸಿಲೂ ಪುಣೆದಿಂದ ತಂದೀರೇನ್ರಿ? ಸಂಘದಾಗ ಇರೋ ಹೆಂಗಸರ ಮಕ್ಕಳೇ ಆ ಸಾಲ್ಯಾಗ ಬೇಯಾಕತ್ತಾವ. ಆರು ದಿನ ಅವ್ವಗ, ಒಂದು ದಿನ ಮಕ್ಕಳಿಗಿ. ಇದರಾಗ ಬ್ಯಾರೆದವರು ಯಾರು? ನನಗ ತೋರಸ್ರಿ!"

ಅಷ್ಟನ್ನೂ ಸಪ್ನಾ ಹಿಂದಿಯ ಒಂದೇ ಸಾಲಿನಲ್ಲಿ ಮೆತ್ತಗೆ ಮುಗಿಸಿದಳು.

"ನಾ ಅಂದದ್ದೆಲ್ಲಾ ಹೇಳ್ದಿಲ್ಲೋ?"

"ಹೇಳೋವಷ್ಟು ಹೇಳೀನ್ರಿ."

ಸಾಹೇಬ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಕೊಟ್ಟಿಗೆಯವರೆಗೆ ನಡೆದು ಹೋಗಿ ಎತ್ತುಗಳನ್ನು ನೋಡುತ್ತ ನಿಂತ. ಮೇಲಿನವರನ್ನು ಕೇಳಿ ತಿಳಿಸುತ್ತೇನೆ ಎಂದು ಹೊರಟುಹೋದ. ರೇವಮ್ಮ ಊಟ ಮಾಡದೆ ಬಸ್ಸು ಹತ್ತಿದಳು.

ಅನಂತರದ ದಿನಗಳಲ್ಲಿ ಗೌರಾಬಾಯಿಗೆ ರೊಟ್ಟಿ ಬಡಿಯುವಾಗಲೂ ಅದೇ ಯೋಚನೆ. ತನ್ನ ಹಟಕ್ಕೆ ತಾನೇ ಬೆಲೆ ತೆತ್ತಿದ್ದರೆ ನಡೆಯುತ್ತಿತ್ತು. ತೆರುವವರು ಚೌಡಾಪುರದ ಹೆಂಗಸರು. ಹಾಗೆಂದು ಗಿರಣಿ ಹೂಡಿಬಿಡಬೇಕಿತ್ತೇ ಎಂದು ಕೇಳಿಕೊಂಡರೆ, ಅದಕ್ಕೂ ಹೌದು ಎನ್ನಲು ಮನಸ್ಸು ಬರಲಿಲ್ಲ. ತಂಗಿಗೆ ಫೋನ್ ಮಾಡಲು ಧೈರ್ಯ ಸಾಲಲಿಲ್ಲ.

ಶಾಲೆಗೆ ವಾಯರ್ ಎಳೆಯಲು ಒಪ್ಪಿಗೆ ಮೊದಲು ಬಂತು. ಚೌಡಾಪುರದ ಸುದ್ದಿ ಮಳೆಗಾಲ ಮುಗಿದ ಮೇಲೆ, ಒಂದು ಸೋಮವಾರ ಮಧ್ಯಾಹ್ನ, ಫೋನಿನಲ್ಲಿ ರೇವಮ್ಮನ ಬಾಯಿಂದಲೇ ಬಂತು.

"ಯಕ್ಕಾ, ಪ್ಲೇಟು ಏರ್ಸಾಕತ್ತಾರ. ಸಪ್ನಾ ಸೋಮವಾರದ ಕರೆಂಟು ಯಾರಿಗಿ ಅಂತ ಈಗೇ ಕೇಳಾಕತ್ತಾಳ. ಇಲ್ಲಿ ಸಾಲಿ ದೂರ ಅದ."

"ಬಗಲಾಗ ಯಾರೂ ಇಲ್ಲೇನು?"

"ಅರ್ಫಾತನ ಪಂಕ್ಚರ್ ಅಂಗಡಿ ಅದ."

"ಅವಗ ಶುಕ್ರವಾರ ಸೂಟಿ, ನಿನಗ ಸೋಮವಾರ. ಜಗಳಾನೇ ಇಲ್ಲ. ಹೋಗಿ ಕೇಳು ಬೇ."

ಫೋನ್ ಇಟ್ಟು ಹೊರಗೆ ಬಂದಳು. ಗೋಡೆಯಾಚೆ ಶಾಲೆಯ ಫ್ಯಾನು ಕಿರುಗುಟ್ಟುತ್ತ ತಿರುಗುತ್ತಿತ್ತು. ಪ್ಲೇಟಿಗೆ ನಿಜವಾಗಿ ಸೂಟಿ ಸಿಕ್ಕಿತೋ ಇಲ್ಲವೋ, ಅವಳಿಗೆ ಇನ್ನೂ ಬಗೆಹರಿದಿರಲಿಲ್ಲ. ಬಿಸಿಲು ಇಳಿಯುವವರೆಗೆ ಕಾದಳು. ಆಮೇಲೆ ಗಂಡ ಎತ್ತು ತೊಳೆಯುವ ಬಕೀಟಿಗೆ ಹೊಸ ನೀರು ತುಂಬಿಕೊಂಡು, ಏಣಿ ಹತ್ತಿ, ಪ್ಲೇಟುಗಳ ಮೈ ಒಂದೊಂದಾಗಿ ತೊಳೆದಳು.