ಕೋಟೆಗೆ ಒಂದೇ ಏಣಿ

ಅಬುಧಾಬಿಯ ಮರಳಿನಲ್ಲಿ ಸಿನಿಮಾದವರು ಪ್ಲೈವುಡ್ಡಿನ ಕೋಟೆ ಕಟ್ಟಿದ್ದರು. ಸಾವಿರ ವರ್ಷದ ಹಿಂದೆ ಬೈಜಾಂಟೈನ್ ಕ್ರೈಸ್ತರ ಸೈನ್ಯ ಮುತ್ತಿಗೆ ಹಾಕಿದ್ದ ಮುಸ್ಲಿಂ ನಗರವಂತೆ ಅದು. ದಿನಗೂಲಿಗೆ ಬಂದ ಸಫೀರ್ ಗೋಡೆಯ ಮೇಲಿನ ಕಾವಲುಗಾರ. ಹತ್ತಿ ಬಂದ ಶತ್ರುವನ್ನು ದೊಣ್ಣೆಯಿಂದ ಏಣಿ ಸಮೇತ ದೂಡುವುದು ಅವನ ಕೆಲಸ. ಏಣಿಗೆ ಹಗ್ಗ ಕಟ್ಟಿದೆ, ಯಾರೂ ಬೀಳುವುದಿಲ್ಲ ಎಂದಿದ್ದರು. ಆದರೂ ಗಾಳಿಗೆ ಗೋಡೆ ಅಲುಗಿದಾಗಲೆಲ್ಲ ಅವನ ಜೀವ ಬಾಯಿಗೆ ಬರುತ್ತಿತ್ತು.

ಏಣಿಯ ತುದಿಯಲ್ಲಿ ಶಿರಸ್ತ್ರಾಣವೊಂದು ಮೇಲೆದ್ದಿತು. ಒಳಗಿದ್ದದ್ದು ಕರಾಮ ಬಡಾವಣೆಯ ರೂಮಿನಲ್ಲಿ ಅವನ ಜೊತೆಗೇ ಇರುವ ಡ್ಯಾರಲ್. ಮುಖ ಸುಣ್ಣದಂತೆ ಬಿಳುಚಿತ್ತು.

"ಕೆಳಗೆ ನೋಡಿಬಿಟ್ಟೆ ಮಾರಾಯ. ದೂಡಬೇಡ. ಕೈ ಕೊಡು."

ಸಫೀರ್ ದೊಣ್ಣೆ ಬಿಸಾಡಿ ಶತ್ರುವನ್ನು ಒಳಗೆಳೆದುಕೊಂಡ. ಇಬ್ಬರೂ ಒಬ್ಬರನ್ನೊಬ್ಬರು ಬಿಗಿದಪ್ಪಿ ಕುಕ್ಕರಿಸಿದರು.

"ಖಲಾಸ್, ಶಾಟ್ ಹಾಳಾಯಿತು," ಕೆಳಗಿನಿಂದ ಮೈಕು ಗದರಿತು. "ಇಬ್ಬರೂ ಇಳಿದು ಬನ್ನಿ."

ಇಳಿಯಲು ಇದ್ದದ್ದೂ ಅದೇ ಏಣಿ.