ಕೂಡುದಾರಿಯ ಹೆಸರು

ಜಪ್ರಿಯಾನ್ ಹೆಣದ ಪೆಟ್ಟಿಗೆಯನ್ನು ಒಂದೇ ಸಲಕ್ಕೆ ಹೆಗಲಿಗೆ ಎಳೆದುಕೊಂಡ ರಭಸಕ್ಕೆ, ಹಿಂದೆ ಹೆಗಲು ಕೊಟ್ಟಿದ್ದ ಇಲಿಯಾ ತಾತ ಮುಗ್ಗರಿಸಿದ.

"ಮೆಲ್ಲಗೋ! ಇವನ ಜೊತೆ ನನ್ನನ್ನೂ ಹೂಳ್ತೀಯೇನು?"

"ಇನ್ಯಾರಿದ್ದಾರೆ ತಾತ? ಗುಂಡಿ ತೋಡಿದ ಇಬ್ಬರು, ನಾನು, ನೀನು. ದೋಬ್ರಿ ಸುಟ್ಟ ಇದ್ದಿಲು ಊರಿಗೆಲ್ಲ ಬೇಕಿತ್ತು. ಹೆಗಲು ಕೊಡು ಅಂದ್ರೆ ಎಲ್ರಿಗೂ ಸೊಂಟನೋವು."

"ನಿಮ್ಮಪ್ಪನ್ನ ಕರೀಬೇಕಿತ್ತು," ಎಂದಳು ಮೇಣದಬತ್ತಿ ಹಿಡಿದ ರಾದಾ ಅಜ್ಜಿ.

"ದೋಬ್ರಿ ಬದುಕಿದ್ದಾಗ ಒಂದ್ಸಲ ಅವನ ಕೈಗೆ ಮುತ್ತಿಡಲಿಲ್ಲ ಅಪ್ಪ. ಈಗ ನಾನು ಹೋಗಿ ಅವನ ಕಾಲು ಹಿಡೀಬೇಕಾ? ತಾನಾಗಿ ಬಂದ್ರೆ ಬರಲಿ. ಬರದಿದ್ರೆ ಇವತ್ತಿಗೆ ಆ ಮನೆ ಋಣ ಹರೀತು."

ಅಜ್ಜಿ ಬೆಳಿಗ್ಗೆ ಹೆಣವನ್ನು ವೈನಿನಲ್ಲಿ ತೊಳೆದಿದ್ದಳು. ಕೈಯ ಕಪ್ಪು ಮಾತ್ರ ಬಿಟ್ಟಿರಲಿಲ್ಲ. ಊರ ವಾಡಿಕೆಯಂತೆ ಪೆಟ್ಟಿಗೆ ತೆರೆದೇ ಇತ್ತು; ಮುಚ್ಚಳ ಹಾಕುವುದು ಗುಂಡಿಯ ಬಳಿ.

*

ರೊಡೋಪ ಬೆಟ್ಟದ ಆ ಊರಿನಲ್ಲಿ ಗಿರಣಿಯ ವೆಲ್ಕೊಗೆ ಮೂರು ಗಂಡು ಹುಟ್ಟಿ ಮೂರೂ ಮಣ್ಣಾಗಿದ್ದವು. ನಾಲ್ಕನೆಯದನ್ನು ವಾಡಿಕೆಯಂತೆ ನಸುಕಿನಲ್ಲಿ ಕೂಡುದಾರಿಯಲ್ಲಿ ಮಲಗಿಸಿದರು. ಮೊದಲು ಬಂದವನು ಮಗುವನ್ನೆತ್ತಿ ಹೆಸರಿಡಬೇಕು. ಹೆಸರಿಟ್ಟವನು ಹೆತ್ತವನಿಗಿಂತ ದೊಡ್ಡವನು. ಮನೆಮಂದಿಯೆಲ್ಲ ಅವನ ಕೈಗೆ ಮುತ್ತಿಡಬೇಕು.

ವೆಲ್ಕೊ ವಿಧಿಗೇ ಟೋಪಿ ಹಾಕಲು ಹೊರಟ. ನೂರಾರು ಕುರಿಗಳ ಸಾಹುಕಾರನಿಗೆ ನಸುಕಿಗೇ ಬಾ ಎಂದು ಮೊದಲೇ ಹೇಳಿಟ್ಟಿದ್ದ. ಅಲೆಕ್ಸಾಂಡರ್ ಎಂಬ ಹೆಸರೂ ನಿಶ್ಚಯವಾಗಿತ್ತು. ಸಾಹುಕಾರ ಮಗ್ಗುಲು ಬದಲಿಸಿ ಮಲಗಿಬಿಟ್ಟ. ಇದ್ದಿಲಿನ ಹೇಸರಗತ್ತೆ ಹೊಡೆದುಕೊಂಡು ದೋಬ್ರಿ ಬಂದ.

"ಮುಟ್ಟಬೇಡ್ವೋ, ಮಸಿ!" ಪೊದೆಯ ಹಿಂದಿನಿಂದ ವೆಲ್ಕೊ ಓಡಿಬಂದ. ಅಷ್ಟರಲ್ಲಿ ದೋಬ್ರಿ ಮಗುವನ್ನು ಎತ್ತಿಕೊಂಡಾಗಿತ್ತು.

"ಎಷ್ಟು ಹೋದ್ವಪ್ಪಾ?"

"ಮೂರು."

"ಹಾಗಾದ್ರೆ ಇವನು ಜಪ್ರಿಯಾನ್. ತಡೆಯೋನು. ಸಾವು ಇವನ ಹತ್ರ ಬಂದು ನಿಂತುಹೋಗ್ಲಿ."

ಮಗು ಉಳಿಯಿತು. ಆಮೇಲೆ ಹುಟ್ಟಿದ ತಂಗಿಯರೂ ಉಳಿದರು. ಅಪ್ಪನ ಬಾಯಿಂದ ಮಾತ್ರ ಆ ಹೆಸರು ಹೊರಡಲೇ ಇಲ್ಲ. ಮಗ ಅವನಿಗೆ ಯಾವತ್ತೂ "ಲೇ ಹುಡುಗ". ದೋಬ್ರಿ ಪ್ರತಿ ಈಸ್ಟರಿಗೆ ಕೆಂಪು ಮೊಟ್ಟೆಯೊಂದನ್ನು ಗಿರಣಿಯ ಹೊಸ್ತಿಲ ಹೊರಗಿಟ್ಟು, ಯಾರನ್ನೂ ಕೂಗದೆ ಹೋಗುತ್ತಿದ್ದ.

*

ಕೂಡುದಾರಿಯಲ್ಲಿ ಪೆಟ್ಟಿಗೆ ಇಳಿಸಿದರು. ಪಾದ್ರಿ ಪ್ರಾರ್ಥನೆ ಹೇಳಿದ. ಎದುರಿಗೇ ಗಿರಣಿ, ಕಲ್ಲು ಗರಗರ ತಿರುಗುತ್ತಿತ್ತು.

"ಇವತ್ತೂ ಬೀಸ್ತಿದ್ದಾನೆ ನೋಡು," ಜಪ್ರಿಯಾನ್ ಹಲ್ಲು ಕಡಿದ.

ಮತ್ತೆ ಎತ್ತಬೇಕೆಂದರೆ ಇಲಿಯಾ ತಾತನ ಮಂಡಿ ಏಳಲೊಲ್ಲದು. ಮೂವರೇ ಎತ್ತಿದರು. ಪೆಟ್ಟಿಗೆ ವಾಲಿತು, ಇಳಿಸಿದರು. ಏರು ದಾರಿ ಇನ್ನೂ ಬಾಕಿಯಿತ್ತು. ಜಪ್ರಿಯಾನ್ ಗಿರಣಿಯ ಕಡೆಗೆ ತಿರುಗಲಿಲ್ಲ, ಕೂಗಲೂ ಇಲ್ಲ.

ಕಲ್ಲಿನ ಸದ್ದು ನಿಂತಿತು.

ವೆಲ್ಕೊ ಮೈತುಂಬ ಹಿಟ್ಟು ಹೊತ್ತೇ ಹೊರಬಂದ. ಯಾರ ಮುಖವನ್ನೂ ನೋಡಲಿಲ್ಲ.

"ಆ ಕಡೆ ಸರಿ, ಜಪ್ರಿಯಾನ್."

"ಅಂತೂ ಬಾಯಿ ಬಂತು," ಎಂದಳು ರಾದಾ ಅಜ್ಜಿ.

ವೆಲ್ಕೊ ತೆರೆದ ಪೆಟ್ಟಿಗೆಯ ಮೇಲೆ ಬಾಗಿದ. ಎದ್ದವನು ಹೆಗಲು ಕೊಟ್ಟ. ಅಪ್ಪ ಮಗ ಅಕ್ಕಪಕ್ಕ ಏರು ಹತ್ತಿದರು. ಹಿಟ್ಟು ಬೆವರಿನ ಜೊತೆ ಇಳಿಯುತ್ತಿತ್ತು.

ಗುಂಡಿಯ ಬಳಿ ಮುಚ್ಚಳ ಹಾಕುವ ಮೊದಲು ಜಪ್ರಿಯಾನ್ ಒಮ್ಮೆ ಒಳಗೆ ನೋಡಿದ. ಎಷ್ಟು ತೊಳೆದರೂ ಬಿಡದ ಆ ಕಪ್ಪು ಕೈಯ ಮೇಲೆ, ಬೆಳ್ಳಗೆ, ಎರಡು ತುಟಿಗಳ ಗುರುತು ಇತ್ತು.